ಏಳು ಮೊಳದ ಹುರಿ

ನೆಲೆ ಕಚೇರಿಯ ಕಾಗದ ಬಂದಾಗ ನಾನು ಆರಾಧ್ಯರ ಕೋಟಿನ ತೋಳು ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದೆ. ಈ ಊರಿನಲ್ಲಿ ನೆಲೆಸಲು ಮೂರು ವರ್ಷದ ಹಿಂದೆ ನಾನು ಹಾಕಿದ ಅರ್ಜಿಯ ವಿಚಾರಣೆ ಬರುವ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ. ಗಂಡ ಹೆಂಡತಿ ಇಬ್ಬರೂ ಹಾಜರಿರತಕ್ಕದ್ದು. ಮದುವೆಯ ಹುರಿಯನ್ನು ತಪ್ಪದೆ ತರತಕ್ಕದ್ದು. ಕೆಳಗೆ ನೆಲೆ ಅಧಿಕಾರಿಗಳ ಸಹಿ. ಆ ನೆಲೆ ಅಧಿಕಾರಿಗಳೇ ನನ್ನೆದುರು ಒಂದೇ ತೋಳಿನ ಕೋಟು ತೊಟ್ಟು, ಕೈ ಚಾಚಿ ನಿಂತಿದ್ದರು. "ಏನ್ ಸ್ವಾಮಿ, ನಿಮ್ಮ ಕಾಗ್ದ ನನಗೆ ಅಂಚೇಲಿ ಬರಬೇಕಾ? ಬರೋವಾಗ ನೀವೇ ತರಬಹುದಿತ್ತಲ್ಲ," ಅಂದೆ. ಅವರು ಕಾಗದದ ಕಡೆ ತಿರುಗಿಯೂ ನೋಡಲಿಲ್ಲ. "ಕಚೇರಿ ವಿಷ್ಯ ಕಚೇರೀಲಿ, ಕೋಟಿನ ವಿಷ್ಯ ಇಲ್ಲಿ. ಕಂಕುಳಲ್ಲಿ ಹಿಡೀತಾ ಇದೆ ನೋಡಿ," ಅಂದರು. ಅವರಿಗೆ ಕಂಕುಳಲ್ಲಿ ಹಿಡಿಯುತ್ತಿತ್ತು, ನನಗೆ ಆ ಕಾಗದದಲ್ಲಿ. ಗಂಡ ಹೆಂಡತಿ ಇಬ್ಬರೂ ಬರಬೇಕೆಂದು ಕಾಗದ ಹೇಳುತ್ತಿತ್ತು, ನಾನೂ ನನ್ನ ಹೆಂಡತಿ ಜಲಜಳೂ ಬೇರೆಯಾಗಿ ಆಗಲೇ ಏಳು ತಿಂಗಳಾಗಿತ್ತು.

ಈ ಊರಿನ ರೀತಿ ಗೊತ್ತಿಲ್ಲದವರಿಗೆ ನನ್ನ ಸಂಕಟ ಅರ್ಥವಾಗಲಾರದು. ಇದು ಒಂದು ಕಡೆ ನಿಲ್ಲುವ ಊರಲ್ಲ. ದಿನವೂ ಬೆಳಗಿನ ಜಾವ, ಊರಿಗೆ ಊರೇ ನಿದ್ದೆಯಲ್ಲಿರುವಾಗ, ಎರಡು ಕೂಗಳತೆಯಷ್ಟು ಮುಂದೆ ಹೋಗಿರುತ್ತದೆ. ಮನೆ, ಬೀದಿ, ಬಾವಿ, ನೀರಿನ ಟ್ಯಾಂಕು, ದನಕರು, ಒಲೆಯ ಬೂದಿ, ಎಲ್ಲವೂ. ಇಲ್ಲಿ ಹುಟ್ಟಿದವರು ಊರಿನ ಜೊತೆಗೇ ಹೋಗಿ, ಎದ್ದು, ಬಾಯಿ ತೊಳೆದು ಕಾಫಿ ಕುಡಿಯುತ್ತಾರೆ. ಹೊರಗಿನವನು ಮಾತ್ರ ಮಲಗಿದ ಜಾಗದಲ್ಲೇ ಉಳಿಯುತ್ತಾನೆ. ಅವನ ಕೆಳಗಿನ ಚಾಪೆ ಊರಿನದಾದ್ದರಿಂದ ಅದೂ ಊರಿನ ಹಿಂದೆ ಹೋಗುತ್ತದೆ. ಊರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. "ನಿಮ್ಮೂರು ನಿಂತಲ್ಲೇ ನಿಂತಿರುತ್ತಂತಲ್ಲ, ಬೇಜಾರಾಗಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ.

ಮೂರು ವರ್ಷದ ಹಿಂದೆ ಈ ಊರು ನಮ್ಮೂರಿನ ಪಕ್ಕದಲ್ಲಿ ಹಾಯುತ್ತಿದ್ದಾಗ ನೋಡಿ ಬರೋಣವೆಂದು ಬಂದಿದ್ದೆ. ಇಲ್ಲಿನ ಅಂಗಡಿಯಲ್ಲಿ ಒಂದು ಒಳ್ಳೆಯ ಪಂಚೆ ಸಿಕ್ಕಿತು. ಕೊಂಡು, ಅದನ್ನೇ ಉಟ್ಟುಕೊಂಡು ಛತ್ರದಲ್ಲಿ ಮಲಗಿದೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಹುರುಳಿ ಹೊಲದ ನಡುವೆ ಇದ್ದೇನೆ. ಛತ್ರವೂ ಇಲ್ಲ, ಪಂಚೆಯೂ ಇಲ್ಲ. ಅಷ್ಟರಲ್ಲಿ ದೂರದ ನೀರಿನ ಟ್ಯಾಂಕಿನ ಮೇಲಿಂದ ಹೆಂಗಸಿನ ದನಿ ಕೇಳಿಸಿತು: "ಹಿಂದ್ಗಡೆ ಹುರುಳಿ ಹೊಲದಲ್ಲಿ ಒಬ್ರು ಉಳ್ಕೊಂಡಿದಾರೆ. ಕರೆಯೋಕ್ಕೆ ಹೋಗೋರು ಒಂದು ಪಂಚೇನೂ ತಗೊಂಡು ಹೋಗಿ." ಆ ದನಿಯ ಒಡತಿಯೇ ಜಲಜ. ಬೆಳಿಗ್ಗೆ ಬೆಳಿಗ್ಗೆ ಟ್ಯಾಂಕು ಹತ್ತಿ, ಊರು ಇವತ್ತು ಎಲ್ಲಿಗೆ ಬಂದಿದೆ, ಎಡಕ್ಕೆ ಯಾವ ಗುಡ್ಡ, ಬಲಕ್ಕೆ ಯಾವ ಕೆರೆ, ಹಿಂದೆ ಯಾರು ಉಳಿದಿದ್ದಾರೆ ಎಂದು ಸಾರುವುದು ಅವಳ ಕೆಲಸ. ಅವಳ ಅಜ್ಜಿಯ ಕಾಲದಿಂದ ಆ ಕೆಲಸ ಅವರ ಮನೆಯದೇ. ನನ್ನ ಮಾನ ಹೋದದ್ದು ಆ ದನಿಯಿಂದ, ಮನಸ್ಸು ಹೋದದ್ದೂ ಆ ದನಿಗೇ. ಊರಿಗೆ ಹೋಗಿ ಅಂಗಡಿಗೆ ಬೀಗ ಹಾಕಿ, ಹೊಲಿಗೆ ಮಿಷಿನ್ನು ಗಾಡಿಗೇರಿಸಿಕೊಂಡು ಬಂದೆ. ಸಾಮಾನು ಊರಿನವರ ಮನೆ ಸೇರಿದರೆ ಊರಿನದೇ ಆಗಿಬಿಡುತ್ತದೆ, ತೊಂದರೆ ಮನುಷ್ಯರಿಗೆ ಮಾತ್ರ. ಮುಂದಿನ ಅಮಾವಾಸ್ಯೆ ಕಳೆಯುವುದರೊಳಗೆ ಮದುವೆಯಾಯಿತು.

ಹೊರಗಿನಿಂದ ಮದುವೆಯಾಗಿ ಬಂದವರಿಗೆ ಕಚೇರಿಯವರು ಧಾರೆಯ ದಿನವೇ ಏಳು ಮೊಳದ ಒಂದು ಹುರಿ ಕೊಡುತ್ತಾರೆ. ಒಂದು ತುದಿಯನ್ನು ಊರಿನವರ ಮುಂಗೈಗೂ ಇನ್ನೊಂದನ್ನು ಹೊರಗಿನವರ ಮುಂಗೈಗೂ ಕಟ್ಟಿಕೊಂಡು ಮಲಗಿದರೆ ಇಬ್ಬರೂ ಕ್ಷೇಮವಾಗಿ ಊರಿನ ಜೊತೆ ಹೋಗುತ್ತಾರೆ. ಹೀಗೆ ಮೂರು ವರ್ಷ ಕಳೆದ ಮೇಲೆ ವಿಚಾರಣೆ. ಅರ್ಜಿಗೆ ಕಚೇರಿಯ ಠಸ್ಸೆ, ಅಂದರೆ ಮುದ್ರೆ, ಬಿದ್ದರೆ ಹುರಿಯನ್ನು ಕಚೇರಿಗೆ ಒಪ್ಪಿಸಿ, ಅಂದಿನಿಂದ ಊರಿನವರ ಹಾಗೆ ಬರಿಗೈಯಲ್ಲಿ ಮಲಗಬಹುದು. ಬೀಳದಿದ್ದರೂ ಹುರಿ ಒಪ್ಪಿಸಲೇಬೇಕು. ಆಮೇಲೆ ಯಾರೂ ಅವನಿಗೆ ಹುರಿ ಕಟ್ಟುವಂತಿಲ್ಲ, ಅವನು ಮಲಗಿದ ನೆಲದಲ್ಲೇ ಉಳಿದುಹೋಗಬೇಕು.

ಮದುವೆಯಾದ ಮೇಲೆ ತಿಳಿದದ್ದೇನೆಂದರೆ, ನನಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುವ ಚಟ. ಜಲಜಳದೋ ಸಾರುವ ಹೊತ್ತಿನವರೆಗೆ ಗಂಟಲು ಕಾಯ್ದುಕೊಳ್ಳಬೇಕಾದ ಕಸುಬು. ನಾನು ಕಂಡ ಕನಸು ಹೇಳುವುದು, ಅವಳು ಕೈಸನ್ನೆ ಮಾಡುವುದು. ನಾನು ಸನ್ನೆಯ ಅರ್ಥ ಕೇಳುವುದು, ಅವಳು ಪಾತ್ರೆ ಕುಕ್ಕುವುದು. ಇದೊಂದೇ ಅಂತಲ್ಲ, ಇಂಥವು ನೂರು. ಬೀದಿಯಲ್ಲಿ ಸಿಕ್ಕರೆ ನಕ್ಕು ಮಾತಾಡುತ್ತಿದ್ದೆವು, ಒಂದು ಸೂರಿನ ಕೆಳಗೆ ಬಂದರೆ ಎಣ್ಣೆ ಸೀಗೆಕಾಯಿ. ಒಂದು ಭಾನುವಾರ ಅವಳು, "ಸಾಕು ಕಣ್ರೀ. ಇಬ್ರೂ ಒಳ್ಳೆಯವ್ರಾಗಿರೋವಾಗ್ಲೇ ಬೇರೆ ಆಗ್ಬಿಡೋಣ," ಅಂದಳು. ನನಗೆ ಅಳು ಬಂತು, ಜೊತೆಗೆ ಸ್ವಲ್ಪ ನೆಮ್ಮದಿಯೂ ಆಯಿತು, ಸುಳ್ಳೇಕೆ ಹೇಳಲಿ. ಅಂದಿನಿಂದ ಅವಳು ನನ್ನನ್ನು "ರೀ" ಅನ್ನುವುದು ಬಿಟ್ಟು ಊರಿನವರ ಹಾಗೆ "ಟೈಲರ್ರೇ" ಅನ್ನತೊಡಗಿದಳು.

ನಾನು ಹಿಂದಿನ ಬೀದಿಯ ಕೆಂಪಾಜಮ್ಮನ ಮನೆಯ ಮುಂಗೋಣೆಗೆ ಬಾಡಿಗೆಗೆ ಬಂದೆ. ಕೆಂಪಾಜಮ್ಮ ಒಬ್ಬಂಟಿ ಮುದುಕಿ. ಬಾಯಿ ಖಾರ, ಕೈ ಧಾರಾಳ. ಹುರಿಯ ಇನ್ನೊಂದು ತುದಿಯನ್ನು ಈಗ ಯಾರಿಗೆ ಕಟ್ಟುವುದು ಎಂಬ ಪ್ರಶ್ನೆ ಬಂದಾಗ ಆಕೆಯೇ ದಾರಿ ಹೇಳಿದರು. "ನನ್ ಕೈಗೇ ಕಟ್ಕೊ ಅನ್ಬೋದು. ಆದ್ರೆ ನನಗೆ ಎಪ್ಪತ್ತೆರಡಾದ್ರೂ ಊರ ಬಾಯಿಗೆ ಇನ್ನೂ ಹದಿನೆಂಟೇ ಕಣಪ್ಪ. ನಮ್ ಚುಕ್ಕೀನೂ ಇಲ್ಲೇ ಹುಟ್ಟಿದ್ದು, ಅದರ ಕಾಲಿಗೆ ಕಟ್ಕೊ." ಚುಕ್ಕಿ ಅವರ ಆಡು. ಹೀಗೆ ಏಳು ತಿಂಗಳಿಂದ ನನ್ನನ್ನು ಊರಿನ ಜೊತೆ ಒಯ್ಯುತ್ತಿದ್ದದ್ದು ಒಂದು ಆಡು. ಊರಿನವರು ನಗಲಿಲ್ಲವೆಂದರೆ ಸುಳ್ಳು. "ಹೊಸ ಸಂಬಂಧ ಹೇಗಿದೆ ಟೈಲರ್ರೇ? ಹೊಂದಿಕೊಂಡು ಹೋಗ್ತಿದೆಯಾ?" ಎಂದು ಅಂಗಿಗೆ ಕಾಜಾ ಹಾಕಿಸಿಕೊಳ್ಳಲು ಬಂದವರೆಲ್ಲ ಕೇಳುತ್ತಿದ್ದರು. ಹೊಂದಿಕೊಂಡೇ ಹೋಗುತ್ತಿತ್ತು. ಬೆಳಿಗ್ಗೆ ಎಷ್ಟು ಮಾತಾಡಿದರೂ ಚುಕ್ಕಿ ಮೆಲುಕು ಹಾಕುತ್ತಾ ಕೇಳಿಸಿಕೊಳ್ಳುತ್ತಿತ್ತು.

ಕಾಗದ ನೋಡಿದ ಮೇಲೆ ಮಾತ್ರ ನನ್ನ ನಗು ಇಂಗಿಹೋಯಿತು. ಬೇರೆ ಕಾಲದಲ್ಲಾದರೆ ಠಸ್ಸೆ ಬೀಳದಿದ್ದರೂ ದಿನಾ ಎರಡು ಕೂಗಳತೆ ನಡೆದು ಊರನ್ನು ಹಿಡಿದುಬಿಡುತ್ತಿದ್ದೆ. ಆದರೆ ಜಲಜ ಒಂದು ವಾರದಿಂದ ಟ್ಯಾಂಕಿನ ಮೇಲಿಂದ, ಹೊಳೆ ಹತ್ತಿರ ಬರುತ್ತಿದೆ ಎಂದು ಸಾರುತ್ತಿದ್ದಳು. ವಿಚಾರಣೆ ಬುಧವಾರ, ಗುರುವಾರ ಬೆಳಗಿನ ಜಾವ ಊರು ಹೊಳೆ ದಾಟುವುದಿತ್ತು. ಮಳೆಗಾಲದ ತುಂಬು ಹೊಳೆ. ಸೇತುವೆಯಿಲ್ಲ, ಹರಿಗೋಲು ಸಿಗುವ ಕಡವಿಗೆ ದಡದಗುಂಟ ಎರಡು ದಿನ ನಡೆಯಬೇಕು. ಅಷ್ಟು ಹೊತ್ತಿಗೆ ಊರು ಆಚೆ ಯಾವ ಗುಡ್ಡದ ಹಿಂದಿರುತ್ತದೋ ಬಲ್ಲವರಾರು. ನನಗೆ ಈ ಊರು ಬೇಕಾಗಿತ್ತು. ಇಡೀ ಊರಿನ ತೋಳಿನುದ್ದ ನನಗೆ ಬಾಯಿಪಾಠ. ಮಲಗುವಾಗ ಒಂದು ಗುಡ್ಡ, ಏಳುವಾಗ ಇನ್ನೊಂದು ಗುಡ್ಡ ಕಾಣುವ ಬದುಕಿನ ರುಚಿ ಹತ್ತಿದವನು ನಿಂತ ಊರಿನಲ್ಲಿ ಏನು ನೋಡಿಕೊಂಡು ಇರಬೇಕು? ಹೆಂಡತಿ ಕೈತಪ್ಪಿದ್ದಕ್ಕೆ ಒಂದು ಸಲ ಅತ್ತಿದ್ದೆ, ಊರೂ ಕೈತಪ್ಪುತ್ತದೆಂದು ಆ ದಿನ ಮಿಷಿನ್ನಿನ ಮುಂದೆ ಕೂತು ಇನ್ನೊಂದು ಸಲ ಅತ್ತೆ.

ಸಂಜೆ ಧೈರ್ಯ ಮಾಡಿ ಜಲಜಳ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಾಗದ ಓದಿ ಮಡಿಸಿ ನನ್ನ ಕೈಗೆ ಕೊಟ್ಟಳು. "ಬರ್ತೀನಿ. ಆದ್ರೆ ಸುಳ್ಳು ಹೇಳಲ್ಲ ಟೈಲರ್ರೇ. ಕಂಡಿದ್ದನ್ನ ಕಂಡ ಹಾಗೆ ಊರಿಗೆಲ್ಲ ಹೇಳೋ ಬಾಯಿ ಇದು. ಕೇಳಿದ್ದಕ್ಕೆ ಉತ್ತರ ಕೊಡ್ತೀನಿ. ಕೇಳ್ದೇ ಇದ್ದಿದ್ದನ್ನ ನಾನಾಗಿ ಹೇಳಲ್ಲ," ಅಂದಳು. ಅಷ್ಟು ಸಾಕಾಗಿತ್ತು ನನಗೆ. ಯಾಕೆಂದರೆ ಆರಾಧ್ಯರ ವಿಷಯ ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಚುಕ್ಕಿಯ ಯೋಗಕ್ಷೇಮವನ್ನು ಅವರೇ ಎಷ್ಟೋ ಸಲ ವಿಚಾರಿಸಿದ್ದರು. ಆದರೆ ಅವರಿಗೆ ಗೊತ್ತಿರುವುದು ಬೇರೆ, ಕಚೇರಿಗೆ ಗೊತ್ತಿರುವುದು ಬೇರೆ. ಕುರ್ಚಿಯಲ್ಲಿ ಕೂತ ಮೇಲೆ, ಎದುರಿಗೆ ಕೂತವರು ಬಾಯಿಬಿಟ್ಟು ಹೇಳಿದ್ದಷ್ಟೇ ಅವರ ಕಿವಿಗೆ ಬೀಳುತ್ತದೆ. ಬೀದಿಯ ಮಾತನ್ನು ಕಚೇರಿಯ ಹೊಸ್ತಿಲಾಚೆ ಚಪ್ಪಲಿಯ ಜೊತೆ ಬಿಟ್ಟುಬರುವ ಮನುಷ್ಯ.

ಉಳಿದದ್ದು ಹುರಿಯ ಚಿಂತೆ. ಅದರಲ್ಲಿ ಎರಡು ಮೊಳವನ್ನು ಚುಕ್ಕಿ ಹಿಂದೆಯೇ ತಿಂದು ಹಾಕಿತ್ತು. ಆ ಎರಡು ಮೊಳವನ್ನು ನಾನೇ ಹೊಸೆದು ಸೇರಿಸಿದ್ದೆ. ಎಳೆ ಎಳೆ ಬಿಡಿಸಿ, ಸೆಣಬಿಗೆ ಮೇಣ ತಿಕ್ಕಿ, ಚಹದ ಕಷಾಯದಲ್ಲಿ ಅದ್ದಿ ಬಣ್ಣ ಕೂಡಿಸಿ, ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದು ನಾನೇ ಹುಡುಕಬೇಕು, ಹಾಗೆ. ಹದಿನೈದು ವರ್ಷದ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ನನ್ನ ಕೈಯಿಂದ ಬಂದಿಲ್ಲ. ಯಾರಿಗೂ ತೋರಿಸುವಂತಿಲ್ಲ ಎಂಬುದೊಂದೇ ದುಃಖ.

ಬುಧವಾರ ಜಲಜ ನೀಲಿ ಸೀರೆ ಉಟ್ಟು ಬಂದಳು. ಕಚೇರಿಯ ಬೆಂಚಿನ ಮೇಲೆ ಇಬ್ಬರೂ ಹೆಣ್ಣು ನೋಡಲು ಬಂದವರ ಹಾಗೆ ಮುದುರಿ ಕೂತೆವು. ಮೊದಲು ಅವಳನ್ನು ಒಳಗೆ ಕರೆದರು. ಅರ್ಧ ಗಂಟೆಯಾದ ಮೇಲೆ ಅವಳು ಹೊರಗೆ ಬಂದಳು, ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ. ಆಮೇಲೆ ನನ್ನ ಸರದಿ. ಆರಾಧ್ಯರು ನಾನು ಹೊಲಿದ ಕೋಟನ್ನೇ ತೊಟ್ಟು ಕೂತಿದ್ದರು. "ನಿಮ್ಮ ಹೆಸರು?" ಅಂದರು, ಜನ್ಮದಲ್ಲಿ ನನ್ನನ್ನು ಕಾಣದವರ ಹಾಗೆ. "ಮರಿಸ್ವಾಮಿ." "ಕಸುಬು?" "ನೀವು ಹಾಕ್ಕೊಂಡಿದೀರಲ್ಲ ಸ್ವಾಮಿ." "ಬಾಯಲ್ಲಿ ಹೇಳ್ಬೇಕು." "ಟೈಲರು." ಆಮೇಲೆ ಅಸಲಿ ಪ್ರಶ್ನೆಗಳು ಬಂದವು. ಹೆಂಡತಿ ಬೆಳಿಗ್ಗೆ ಮೊದಲು ಏನು ಕುಡಿಯುತ್ತಾರೆ? ಜೀರಿಗೆ ಹಾಕಿ ಕಾಯಿಸಿದ ನೀರು, ಸಾರಿ ಬಂದ ಮೇಲೆ ಬೆಲ್ಲದ ಕಾಫಿ. ಕೋಪ ಬಂದರೆ ಏನು ಮಾಡುತ್ತಾರೆ? "ಪಾತ್ರೆ ತೊಳೀತಾಳೆ ಸ್ವಾಮಿ. ತೊಳೆದಿಟ್ಟಿದ್ದನ್ನೇ ಇನ್ನೊಂದು ಸಲ ತೊಳೀತಾಳೆ." ಯಾವುದಕ್ಕೆ ಹೆದರುತ್ತಾರೆ? ನಾನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದೆ. "ಇಳಿಯೋದಕ್ಕೆ. ಟ್ಯಾಂಕು ಹತ್ತೋವಾಗ ಏನೂ ಇಲ್ಲ. ಇಳಿಯೋವಾಗ ಮೊದಲ್ನೇ ಐದು ಮೆಟ್ಲು ಕಣ್ಣು ಮುಚ್ಕೊಂಡೇ ಇಳೀತಾಳೆ. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದಾಳೆ." ಆರಾಧ್ಯರ ಲೇಖನಿ ಒಂದು ಕ್ಷಣ ನಿಂತು ಮತ್ತೆ ಓಡಿತು.

ಕೊನೆಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. "ಎಲ್ಲಾ ತಾಳೆ ಆಗ್ತಿದೆ. ಇಬ್ರೂ ಒಬ್ರನ್ನೊಬ್ರು ಅರೆದು ಕುಡಿದ ಹಾಗೆ ಹೇಳಿದೀರ. ಮೂವತ್ತು ವರ್ಷ ಸಂಸಾರ ಮಾಡಿದ ನಾನೇ ನನ್ನ ಹೆಂಡ್ತಿ ಬಗ್ಗೆ ಇಷ್ಟು ಹೇಳಲಾರೆ," ಅಂದರು. ಕೂಡಿ ಬಾಳುತ್ತಿದ್ದೀರಾ ಎಂದು ಅವರು ಕೇಳಿಯೇ ಇರಲಿಲ್ಲ. ಹಾಳೆಯಲ್ಲಿ ಆ ಪ್ರಶ್ನೆಯಿದ್ದ ಸಾಲಿನ ಮೇಲೆ ಅವರ ಮೊಣಕೈ ಊರಿತ್ತು. ಅದು ಅಕಸ್ಮಾತ್ತೋ ಬೇಕೆಂದೇ ಊರಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಹುರಿಯನ್ನು ತೆಗೆದುಕೊಂಡು ಮೊಳ ಹಾಕಿದರು. ಸರಿಯಾಗಿ ಏಳು ಮೊಳ. ಠಸ್ಸೆಯನ್ನು ಮಸಿಗೆ ಒತ್ತಿ ಮೇಲೆತ್ತಿದರು. ನನ್ನ ಪ್ರಾಣ ಅರ್ಧ ವಾಪಸ್ಸು ಬಂತು.

ಎತ್ತಿದ ಠಸ್ಸೆಯನ್ನು ಸುಮ್ಮನೆ ಹೊಡೆದುಬಿಡಬಾರದೇ? ಅವರಿಗೆ ಕಚೇರಿಯ ಅಭಿಮಾನ ಉಕ್ಕಿತು. ಎಡಗೈಯಲ್ಲಿ ಹುರಿ ಹಿಡಿದು, "ಇದು ನೋಡಿ ನಮ್ಮ ಕಚೇರಿ ಹುರಿ ಅಂದ್ರೆ. ನಮ್ಮ ಸಿದ್ದಲಿಂಗಪ್ಪ ಹೊಸೆದದ್ದು. ಮೂರು ವರ್ಷ ಆದ್ರೂ ಒಂದು ಎಳೆ ಎದ್ದಿಲ್ಲ," ಅಂದರು. ನಾನು ಹಲ್ಲು ಕಚ್ಚಿಕೊಂಡೆ. ಅವರ ಬೆರಳು ಮೆಲ್ಲಗೆ ಸರಿದು ನಾನು ಹೊಸೆದ ಜಾಗಕ್ಕೇ ಬಂದು ನಿಂತಿತು. "ಈ ತುದಿ ಅಂತೂ ಕಬ್ಬಿಣ. ಹೀಗೆ ಹೊಸೆಯೋ ಕೈ ಈ ಊರಲ್ಲಿ ಇನ್ನೊಂದಿಲ್ಲ." ಜಲಜ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನನಗೂ ಗೊತ್ತಿತ್ತು. ಆದರೆ ಹದಿನೈದು ವರ್ಷ ಸೂಜಿ ಹಿಡಿದ ಕೈಯ ಕೆಲಸವನ್ನು ಸಿದ್ದಲಿಂಗಪ್ಪನ ಲೆಕ್ಕಕ್ಕೆ ಬರೆಯುವುದನ್ನು ನೋಡಿಕೊಂಡು ಯಾವ ಟೈಲರು ಸುಮ್ಮನಿದ್ದಾನು? "ಅಷ್ಟು ನಾನು ಹೊಸೆದದ್ದು ಸ್ವಾಮಿ. ಆ ಎರಡು ಮೊಳ," ಅಂದುಬಿಟ್ಟೆ.

ಠಸ್ಸೆ ಗಾಳಿಯಲ್ಲೇ ನಿಂತಿತು. ಆರಾಧ್ಯರು ಕಣ್ಣು ಮುಚ್ಚಿಕೊಂಡರು. "ಹೇಳ್ಬಾರ್ದಿತ್ತು ಪುಣ್ಯಾತ್ಮ," ಎಂದು ಮೆಲ್ಲಗೆ ಅಂದು, ಠಸ್ಸೆ ಕೆಳಗಿಟ್ಟು ಲೇಖನಿ ಎತ್ತಿಕೊಂಡರು. "ಮೊದಲಿದ್ದ ಎರಡು ಮೊಳ ಏನಾಯ್ತು?" "ಆಡು ತಿಂತು." "ಗಂಡ ಹೆಂಡ್ತಿ ನಡುವೆ ಆಡು ಎಲ್ಲಿಂದ ಬಂತು?" ನಾನು ಜಲಜಳ ಮುಖ ನೋಡಿದೆ. ಆರಾಧ್ಯರು ಸಾಲಿನ ಮೇಲಿಂದ ಮೊಣಕೈ ತೆಗೆದು, ಜಲಜಳ ಕಡೆ ತಿರುಗಿ, ಅಲ್ಲಿದ್ದ ಪ್ರಶ್ನೆಯನ್ನು ಅಕ್ಷರ ಅಕ್ಷರ ಓದಿದರು: ದಂಪತಿಗಳು ಕೂಡಿ ಬಾಳುತ್ತಿದ್ದಾರೆಯೇ? "ಇಲ್ಲ," ಅಂದಳು ಜಲಜ. "ಏಳು ತಿಂಗಳಾಯ್ತು." ಅವರು ಬರೆದುಕೊಂಡರು.  ಹೊಳೆಯ ಈಚೆ ದಡದಲ್ಲಿ ನಾನೊಬ್ಬನೇ ಕೂತಿರುವುದು ಕಣ್ಣಿಗೆ ಕಟ್ಟಿದಂತಾಯಿತು. ಆಡಿದ ಮಾತಿಗೆ ನನ್ನ ನಾಲಗೆಯನ್ನೇ ಕಿತ್ತುಹಾಕಬೇಕೆನಿಸಿತು.

"ಕಡೇದೊಂದು ಪ್ರಶ್ನೆ ಇದೆ. ಏನೇ ಆದ್ರೂ ಅದನ್ನ ಕೇಳದೆ ಅರ್ಜಿ ಮುಚ್ಚೋ ಹಾಗಿಲ್ಲ," ಎಂದು ಆರಾಧ್ಯರು ಹಾಳೆ ತಿರುಗಿಸಿದರು. "ಈ ಮನುಷ್ಯ ಹಿಂದೆ ಉಳಿದರೆ ಹೋಗಿ ಕರೆತರುವವರು ಯಾರು?"

"ನಾನು," ಅಂದಳು ಜಲಜ.

ಆರಾಧ್ಯರು ಕನ್ನಡಕದ ಮೇಲಿಂದ ನೋಡಿದರು. "ನಾಳೆ ಹೊಳೆ ದಾಟ್ತೀವಿ, ಗೊತ್ತಲ್ಲ?" "ದಿನಾ ಸಾರ್ತಿರೋಳು ನಾನೇ ಅಲ್ವಾ." "ಕಡವಿಗೆ ಎರಡು ದಿನ, ಅಲ್ಲಿಂದ ಈಚೆ ದಡಕ್ಕೆ ಮತ್ತೆ ಎರಡು ದಿನ. ವಾಪಸ್ಸು ಬರೋದು ಬೇರೆ." "ಕಾಲಿದೆ, ನಡೀತೀನಿ." "ಮನೆಗೆ ಬೇಡ ಅಂತ ಬಿಟ್ಟ ಮನುಷ್ಯನಿಗೋಸ್ಕರ?" ಆಗ ಜಲಜಳ ದನಿ ಸ್ವಲ್ಪ ಏರಿತು, ಟ್ಯಾಂಕಿನ ಮೇಲಿದ್ದಂತೆ. "ಮನೆಗೆ ಬೇಡ ಅಂದೆ ಸ್ವಾಮಿ. ಊರಿಗೆ ಬೇಡ ಅಂದ್ನಾ?"

ಆರಾಧ್ಯರಿಗೆ ಅಷ್ಟು ಸಾಲಲಿಲ್ಲ. "ಬಾಯಲ್ಲಿ ಹೇಳೋದು ಸುಲಭ. ಈ ಏಳು ತಿಂಗಳಲ್ಲಿ ಇವ್ರು ಯಾವತ್ತಾದ್ರೂ ಹಿಂದೆ ಉಳಿದಿದ್ರಾ? ನೀವು ಹೋಗಿ ಕರ್ಕೊಂಡು ಬಂದಿದ್ದುಂಟಾ?" ಅಂದರು. ನಾನು ಮಧ್ಯೆ ಬಾಯಿ ಹಾಕಿದೆ, ಹೇಗೂ ಹಾಳಾಗಿದ್ದಾಯಿತಲ್ಲ. ಉಳಿದದ್ದು ಒಂದೇ ಸಲ, ಆಡು ಹುರಿ ತಿಂದ ದಿನ. ಅವತ್ತು ನನ್ನ ಪಾದ ನನಗೇ ಕಾಣದಂಥ ಮಂಜು. ಆದರೆ ಯಾರೂ ಬಂದು ಕರೆಯಬೇಕಾಗಲಿಲ್ಲ. ಟ್ಯಾಂಕಿನ ಮೇಲಿಂದ ಸಾರುವ ದನಿ ಕೇಳಿಸುತ್ತಿತ್ತು, ಅದರ ಜಾಡು ಹಿಡಿದು ನಾನಾಗಿಯೇ ನಡೆದುಬಂದೆ. "ಅವತ್ತು ಯಾಕೋ ಸಾರೋದು ಬಹಳ ಹೊತ್ತು ಇತ್ತು, ನನ್ನ ಅದೃಷ್ಟ," ಅಂದೆ.

"ನಾನಾಗಿಯೇ ಬಂದ್ರಂತೆ," ಎಂದು ಜಲಜ ನಕ್ಕಳು. ಆಮೇಲೆ ನನ್ನ ಕಡೆ ನೋಡದೆ ಆರಾಧ್ಯರಿಗೇ ಹೇಳಿದಳು. "ಅವತ್ತು ಮಂಜಲ್ಲಿ ಗುಡ್ಡ ಇಲ್ಲ, ಕೆರೆ ಇಲ್ಲ, ಏನೂ ಕಾಣ್ತಿರ್ಲಿಲ್ಲ ಸ್ವಾಮಿ. ಸಾರೋಕ್ಕೆ ಏನಿತ್ತು? ಏನೂ ಕಾಣ್ತಿಲ್ಲ ಅಂತ ಒಂದು ಸಲ ಹೇಳಿ ಇಳಿಯೋಣ ಅಂದ್ಕೊಂಡೆ. ಕೊನೇ ಮೆಟ್ಲಿಗೆ ಇಳಿದು ನೋಡಿದ್ರೆ ಚುಕ್ಕಿ ನಿಂತಿದೆ, ಬಾಯಲ್ಲಿ ಹುರಿ ನೇತಾಡ್ತಿದೆ. ಇವ್ರು ಹಿಂದೆ ಉಳಿದಿದಾರೆ ಅಂತ ಗೊತ್ತಾಯ್ತು. ಹುಡುಕ್ಕೊಂಡು ಹೋದ್ರೆ ಆ ಮಂಜಲ್ಲಿ ಇಬ್ರೂ ದಾರಿ ತಪ್ಪಿಸ್ಕೋತಿದ್ವಿ. ಅದಕ್ಕೆ ಮತ್ತೆ ಮೇಲೆ ಹತ್ತಿ, ಅಲ್ಲೇ ನಿಂತು ಕೂಗ್ತಾ ಇದ್ದೆ. ಕೂಗೋಕ್ಕೆ ಮಾತು ಬೇಕಲ್ಲ. ಎರಡರ ಮಗ್ಗಿಯಿಂದ ಶುರು ಮಾಡಿ ಹತ್ತೊಂಬತ್ತರ ಮಗ್ಗಿ ತನಕ ಹೇಳ್ದೆ. ಮಂಜು ತೆಳುವಾಗಿ ಇವ್ರು ಬೀದಿ ಕೊನೇಲಿ ಕಂಡ ಮೇಲೆ ಇಳಿದೆ."

ಮಗ್ಗಿ ನನಗೂ ಕೇಳಿಸಿತ್ತು. ಹನ್ನೆರಡರ ಮಗ್ಗಿ ಕೇಳುವಾಗ ಕಾಲಿಗೆ ಗದ್ದೆಯ ಬದು ಸಿಕ್ಕಿದ್ದು, ಹದಿನೇಳರದು ಕೇಳುವಾಗ ಮೊದಲ ಮನೆಯ ಗೋಡೆ ಕೈಗೆ ತಗುಲಿದ್ದು ಇನ್ನೂ ನೆನಪಿತ್ತು. ಮಕ್ಕಳಿಗಾಗಿ ಶಾಲೆಯವರು ಅವಳಿಂದ ಹೇಳಿಸುತ್ತಿರಬೇಕು ಎಂದುಕೊಂಡಿದ್ದೆ. ಮರುದಿನದಿಂದ ನಾಲ್ಕು ದಿನ ಜಲಜಳ ಗಂಟಲು ಬಿದ್ದುಹೋಗಿ, ಅವಳ ಚಿಕ್ಕಪ್ಪ ಟ್ಯಾಂಕು ಹತ್ತಿದ್ದರು. ನೆಗಡಿ ಎಂದುಕೊಂಡು ನಾನು ಕೆಂಪಾಜಮ್ಮನ ಕೈಯಲ್ಲಿ ಶುಂಠಿ ಕಳಿಸಿದ್ದೆ. ಇಷ್ಟು ದಡ್ಡನಾಗಿಯೂ ಇಡೀ ಊರಿನ ಅಳತೆ ಬಲ್ಲೆನೆಂಬ ಜಂಬ ನನಗೆ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ನಾಚಿಕೆಯಾಯಿತು.

ಆರಾಧ್ಯರು ಅವಳು ಹೇಳಿದ್ದನ್ನೆಲ್ಲ ಬರೆದು, ನಾನು ಹಿಂದೆ ಉಳಿದರೆ ಕರೆತರುವ ಹೊಣೆ ಅವಳದೆಂದೂ ಬರೆದರು. "ಜೀರಿಗೆ ನೀರು, ಬೆಲ್ಲದ ಕಾಫಿ, ಅವೆಲ್ಲ ಮಾತಾಡಿಸೋಕ್ಕೆ ಕೇಳೋದು. ಕಚೇರಿಗೆ ಬೇಕಾಗಿರೋದು ಇದೊಂದೇ," ಎಂದು ಹಾಳೆಯನ್ನು ಜಲಜಳ ಮುಂದೆ ಸರಿಸಿದರು. ಅವಳು ಓದಿ ನೋಡಿ ಸಹಿ ಹಾಕಿದಳು. ಠಸ್ಸೆ ಬಿತ್ತು. ಆರಾಧ್ಯರು ಹುರಿ ಸುತ್ತಿ ಡ್ರಾಯರಿನೊಳಗೆ ಇಟ್ಟುಕೊಂಡು, "ಒಂದು ಮಾತು ಮರಿಸ್ವಾಮಿ. ಠಸ್ಸೆ ಹೊಡೆಯೋದಷ್ಟೇ ನನ್ನ ಕೈಲಿರೋದು. ಒಯ್ಯೋದು ಬಿಡೋದು ಊರಿನ ಇಷ್ಟ. ನನ್ನ ಕಾಲದಲ್ಲೇ ಠಸ್ಸೆ ಬಿದ್ದ ಇಬ್ರನ್ನ ಊರು ಬಿಟ್ಟು ಹೋಗಿದೆ," ಅಂದರು. ಆಮೇಲೆ ಎದ್ದು ಬಾಗಿಲ ಹೊರಗೆ ಬಂದು ಚಪ್ಪಲಿ ಮೆಟ್ಟಿದವರೇ ನನ್ನ ಹೆಗಲು ತಟ್ಟಿ, "ಆ ಎರಡು ಮೊಳ ಚೆನ್ನಾಗಿ ಬಂದಿದೆ," ಅಂದರು.

ಆ ದಿನ ಚಾಪೆಯ ಮೇಲೆ ಬರಿಗೈಯಲ್ಲಿ ಮಲಗಿದೆ. ಮುಂಗೈ ಖಾಲಿ ಖಾಲಿ ಅನ್ನಿಸುತ್ತಿತ್ತು. ಮಗ್ಗುಲು ಬದಲಾಯಿಸುತ್ತಾ ಯಾವಾಗಲೋ ನಿದ್ದೆ ಹೋದೆ. ಎಚ್ಚರವಾದಾಗ ಮೊದಲು ಕೇಳಿಸಿದ್ದು ನೀರಿನ ಸದ್ದು. ಹೊಳೆ ಹರಿಯುತ್ತಿತ್ತು, ಬಹಳ ಹತ್ತಿರದಲ್ಲೇ. ದಡದಲ್ಲಿ ಉಳಿದೆ, ಆಯಿತು ನನ್ನ ಕಥೆ, ಎಂದುಕೊಂಡು ಕಣ್ಣು ಬಿಡದೆ ಹಾಗೇ ಬಿದ್ದುಕೊಂಡಿದ್ದೆ. ಅಷ್ಟರಲ್ಲಿ ಪಕ್ಕೆಗೆ ಪೊರಕೆ ತಿವಿಯಿತು. "ಏಳಪ್ಪ ಮೇಲೆ, ಚಾಪೆ ಮಡಿಸು. ಕಸ ಗುಡಿಸಬೇಕು," ಅಂದರು ಕೆಂಪಾಜಮ್ಮ. ನಾನು ಎದ್ದು ಕೂತು ತೊಲೆ ನೋಡಿದೆ, ಗೋಡೆ ನೋಡಿದೆ, ಮಿಷಿನ್ನು ನೋಡಿದೆ, ಆಕೆಯ ಕಾಲು ಹಿಡಿದುಕೊಂಡೆ. "ಬಂದುಬಿಟ್ಟೆ ಕೆಂಪಾಜಮ್ಮಾರೆ, ನಾನೂ ಬಂದುಬಿಟ್ಟೆ." ಆಕೆಗೆ ಸಿಟ್ಟೇ ಬಂತು. "ಬರ್ದೆ ಇನ್ನೇನು? ಇಷ್ಟು ದಿನ ಇಲ್ಲೇ ಉಂಡು ಇಲ್ಲೇ ಮಲಗಿ, ಈಗ ಬರ್ದೆ ಎಲ್ಲಿಗೆ ಹೋಗ್ತಿದ್ದೆ?"

ಬೀದಿಯಲ್ಲಿ ಸಿಕ್ಕವರದೂ ಅದೇ ಮಾತು. ಮನೆಗಳ ಹಿಂದೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಅದರಾಚೆ ನಿನ್ನೆ ನಾವಿದ್ದ ಬಯಲು. ಹಾಲಿನವನಿಗೆ ಹೇಳಿದೆ, ಬಾವಿಕಟ್ಟೆಯ ಹೆಂಗಸರಿಗೆ ಹೇಳಿದೆ, ಕಾಫಿ ಅಂಗಡಿಯಲ್ಲಿ ಹೇಳಿದೆ. ಯಾರಿಗೂ ಆಶ್ಚರ್ಯವಿಲ್ಲ. ನಾನು ಬಂದೇ ಬರುತ್ತೇನೆಂದು ಊರಿಗೆ ಊರೇ ನಂಬಿಕೊಂಡು ಮಲಗಿತ್ತು. ಅನುಮಾನ ಪಟ್ಟವನು ನಾನೊಬ್ಬನೇ ಎಂದು ನನಗೇ ನಗು ಬಂತು. ಟ್ಯಾಂಕಿನ ಬುಡಕ್ಕೆ ಹೋಗುವಷ್ಟರಲ್ಲಿ ಜಲಜ ಸಾರಿ ಮುಗಿಸಿ ಇಳಿಯುತ್ತಿದ್ದಳು. ಸೀರೆಯನ್ನು ಎತ್ತಿ ಕಟ್ಟಿದ್ದಳು, ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ, ಕಂಕುಳಲ್ಲಿ ಕೊಡೆ, ಬೆನ್ನಿಗೆ ಒಂದು ಗಂಟು.

ನನ್ನನ್ನು ನೋಡಿ ಅವಳು ಕೊನೆಯ ಮೆಟ್ಟಿಲ ಮೇಲೆ ನಿಂತಳು. "ಬಂದ್ರಾ ಟೈಲರ್ರೇ?" "ಬಂದೆ." ಅವಳು ನಿಟ್ಟುಸಿರು ಬಿಟ್ಟು ಅಲ್ಲೇ ಕೂತಳು. "ಇದೇನು ಗಂಟು? ಯಾವೂರಿಗೆ ಹೊರಟಿದ್ರಿ?" ಎಂದು ಕೇಳಿದೆ. "ಸಹಿ ಹಾಕಿದ್ನಲ್ಲ. ಯಾತಕ್ಕೂ ಇರ್ಲಿ ಅಂತ ನಿನ್ನೆ ಸಾಯಂಕಾಲವೇ ರೊಟ್ಟಿ ತಟ್ಟಿಟ್ಟೆ. ಮೇಲಿಂದ ಆಚೆ ದಡ ನೋಡ್ದೆ, ಯಾರೂ ಇರ್ಲಿಲ್ಲ. ಬಂಡೆ ಮರೇಲೇನಾದ್ರೂ ಇದ್ರೆ ಅಂತ ಹೊರಟಿದ್ದೆ," ಎಂದು ಬೆನ್ನಿನ ಗಂಟನ್ನು ಇಳಿಸಿ ನನ್ನ ಕಡೆ ತಳ್ಳಿದಳು. "ತಿನ್ನಿ, ಹಾಳಾಗುತ್ತೆ."

ನಾನು ಬಿಚ್ಚಿ ನೋಡಿದೆ. ಒಳಗೆ ಬಾಳೆಲೆಯಲ್ಲಿ ಸುತ್ತಿದ ಎರಡು ಪೊಟ್ಟಣಗಳಿದ್ದವು, ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕದರಲ್ಲಿ ಒಬ್ಬರಿಗಾಗುವಷ್ಟು ರೊಟ್ಟಿ, ಹೋಗುವಾಗಿನ ದಾರಿಗೆ. ದೊಡ್ಡದರಲ್ಲಿ ಇಬ್ಬರಿಗಾಗುವಷ್ಟು, ಬರುವಾಗಿನ ದಾರಿಗೆ. ಬಿಸಿಲು ಏರುವವರೆಗೂ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ದೊಡ್ಡ ಪೊಟ್ಟಣದ ರೊಟ್ಟಿ ತಿಂದೆವು.